ಬೆಡ್ ಖಾಲಿಯಾಗುವವರೆಗೆ

ರಂಜಾನಿನ ಮೂರನೇ ದಿನ ನಮ್ಮ ಭಾಯಿ ಬಶೀರ್ ತನ್ನ ರೇಡಿಯೋ ರಿಪೇರಿ ಅಂಗಡಿಯಲ್ಲೇ ಬಿದ್ದ. ಕೈಕಾಲು ಸೆಟೆದಿದ್ದವು. ಬಾಯಲ್ಲಿ ನೊರೆ. ಬಿರುಬೇಸಿಗೆಯಲ್ಲಿ ರೋಜಾ ಹಿಡಿದದ್ದಕ್ಕೆ ಹೀಗಾಗಿದೆ ಎಂದುಕೊಂಡೆವು. ಬ್ಯಾಡಗಿಯಿಂದ ಟೆಂಪೋದಲ್ಲಿ ಮಲಗಿಸಿಕೊಂಡು ರಾಣೆಬೆನ್ನೂರಿಗೆ ಓಡಿದೆವು.

"ಉಪವಾಸದ್ದಲ್ಲ ಇದು," ಎಂದರು ಅಲ್ಲಿನ ಡಾಕ್ಟರು. "ದಿನಾ ಕುಡಿಯೋ ಮನಷ್ಯಾ ಒಮ್ಮೆಲೇ ಬಿಟ್ಟಾನ. ಅದಕ್ಕ ಫಿಟ್ಸ್ ಬಂದಾವ."

ಅಮ್ಮಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಎಚ್ಚರವಾದಾಗ ಭಾಯಿ ನನ್ನ ಕೈ ಹಿಡಿದ. "ನೂರಿ, ಎಲ್ಲಿಗಾದ್ರೂ ಕರ್ಕೊಂಡು ಹೋಗು. ಬಿಡಸು ಇದನ್ನ." ಈ ಮಾತಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ.

ಕುಡಿತ ಬಿಡಿಸುವ ವಾರ್ಡ್ ಇದ್ದದ್ದು ದೂರದ ದೊಡ್ಡಾಸ್ಪತ್ರೆಯಲ್ಲಿ. ಹಾವೇರಿಯಲ್ಲಿ ಬಸ್ಸು ಬದಲಿಸಿ ಹೋದೆವು. ಅರ್ಧ ದಿನ ಬೆಂಚಿನ ಮೇಲೆ ಕಾಯಿಸಿ ಹೇಳಿದರು: "ಬೆಡ್ ಇಲ್ಲ. ಎರಡು ತಿಂಗಳು ಬಿಟ್ಟು ಬರ್ರಿ."

"ಅಲ್ಲೀತನಕ ಏನ್ ಮಾಡ್ಲಿರಿ?"

"ಒಮ್ಮೆಲೇ ನಿಲ್ಲಸಬ್ಯಾಡ್ರಿ. ಮತ್ತ ಫಿಟ್ಸ್ ಬಂದ್ರ ಜೀವಕ್ಕ ಅಪಾಯ. ಅಳತೀಲೆ ಕೊಡ್ಕೋತ ಇರ್ರಿ."

ಕುಡಿಸುತ್ತಿರಿ ಎಂದರು.

ನಾನು ಕನ್ನಡ ಶಾಲೆಯ ಟೀಚರ್. ರಂಜಾನಿನ ತಿಂಗಳಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಸಾರಾಯಿ ಅಂಗಡಿಯ ಮುಂದೆ ನಿಂತೆ. ನನ್ನ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ ಅಲ್ಲಿದ್ದ. "ಟೀಚರ್, ನೀವು?" ಎಂದ. ನಾನು ಅಂಗಡಿಯವನಿಗೆ ದುಡ್ಡು ಚಾಚಿದೆ. ಸಾರಾಯಿ ಅಂಗಡಿ ಊರೂರಿಗೆ ಇತ್ತು. ಅಲ್ಲಿ ಯಾರೂ ನನಗೆ ಎರಡು ತಿಂಗಳು ಬಿಟ್ಟು ಬರ್ರಿ ಎನ್ನಲಿಲ್ಲ.

ಸಂಜೆ ಅಮ್ಮಿ ಒಳಗೆ ಇಫ್ತಾರಿಗೆ ಖರ್ಜೂರ ಇಡುವಾಗ ನಾನು ಹಿತ್ತಲಲ್ಲಿ ಭಾಯಿಗೆ ಪ್ಯಾಕೆಟ್ಟು ಕತ್ತರಿಸಿ ಲೋಟಕ್ಕೆ ಸುರಿಯುತ್ತಿದ್ದೆ. ಮೊದಮೊದಲು ಅಳುತ್ತ ಕುಡಿದ. ಆಮೇಲೆ ಅಳು ನಿಂತಿತು. ಬಿಡಬೇಕೆಂಬ ಮನಸ್ಸು ಬಂದಾಗಲೇ ಅದನ್ನು ಹಿಡಿದುಕೊಳ್ಳಬೇಕು, ಎರಡು ತಿಂಗಳು ಅದು ಬಾಗಿಲಲ್ಲಿ ಕಾಯುವುದಿಲ್ಲ ಎಂಬುದು ಆ ಆಸ್ಪತ್ರೆಯವರಿಗೆ ಗೊತ್ತಿರಲಿಲ್ಲವೇ? ಈದ್ ಕಳೆಯುವಷ್ಟರಲ್ಲಿ ಭಾಯಿ ನನ್ನ ಅಳತೆ ಮೀರಿ ಹೊರಗೂ ಕುಡಿಯತೊಡಗಿದ. "ನನಗ ಯಾವ ಆಸ್ಪತ್ರಿನೂ ಬ್ಯಾಡ" ಎಂದ.

ಹೇಳಿದ್ದ ಎರಡು ತಿಂಗಳಿಗಿಂತ ಮೊದಲೇ, ರಾಣೆಬೆನ್ನೂರಿನ ಡಾಕ್ಟರ ಮೂಲಕ ಕರೆ ಬಂತು. ಬೆಡ್ ಖಾಲಿಯಾಗಿದೆ, ಕೂಡಲೇ ಬನ್ನಿ. ಭಾಯಿ ಹೊರಡಲೊಲ್ಲ. ಅಮ್ಮಿ ಹೋಗಿ ಟೆಂಪೋದಲ್ಲಿ ಕೂತುಬಿಟ್ಟಳು. "ನೀ ಬರೂತನಕ ನಾ ಇಳಿಯೂದಿಲ್ಲ ಬೇಟಾ." ಬಿಸಿಲು ಏರಿತು. ಅವಳು ಇಳಿಯಲಿಲ್ಲ. ಕೊನೆಗೆ ಬೈಯುತ್ತಲೇ ಬಂದು ಪಕ್ಕದಲ್ಲಿ ಕೂತ.

ವಾರ್ಡಿನಲ್ಲಿ ನರ್ಸ್ ಹೊಸ ಚಾದರ ಹಾಸುತ್ತಿದ್ದರು. ಇಷ್ಟು ಲಗೂ ಹೆಂಗ ಸಿಕ್ತರಿ ಎಂದು ಕೇಳಿದೆ.

"ನಿಮ್ಮಂಗ ಕಾಯತಿದ್ದ ಐರಣಿ ಊರಿನವರೊಬ್ಬರಿಗೆ ಇಟ್ಟಿದ್ವಿ. ಅವರ ಹೆಂಡ್ತಿ ಒಬ್ಬರ ಬಂದಿದ್ರು, ಈ ಬೆಡ್ ಬ್ಯಾರೆಯವ್ರಿಗೆ ಕೊಡ್ರಿ ಅಂತ ಹೇಳಾಕ. ಗಂಡ ಹೋದ ವಾರ ತೀರಿಕೊಂಡಾರಂತ."

ಭಾಯಿ ಆ ಚಾದರದ ಮೇಲೆ ಮಲಗಿದ.

ಈಗ ಮತ್ತೆ ಅಂಗಡಿ ತೆರೆದಿದ್ದಾನೆ. ಸೊರಗಿದ್ದಾನೆ, ಆದರೆ ಕುಡಿದಿಲ್ಲ. ನಾಳೆ ಹೇಗೋ ಗೊತ್ತಿಲ್ಲ. ವಾರ್ಡಿನ ಆ ಡಾಕ್ಟರು, ನರ್ಸ್ ಎಲ್ಲರೂ ಅವನನ್ನು ಚೆನ್ನಾಗಿ ನೋಡಿಕೊಂಡರು. ಅವರ ಉಪಕಾರ ಮರೆಯುವುದಿಲ್ಲ. ಅಮ್ಮಿ ನಮಾಜಿನ ನಂತರ, ಮುಖವನ್ನೇ ನೋಡದ ಐರಣಿಯ ಆ ಹೆಂಗಸಿಗಾಗಿಯೂ ದುವಾ ಕೇಳುತ್ತಾಳೆ.

ನನಗೆ ದುವಾ ಸಾಲದು. ಆ ಮನುಷ್ಯನಿಗೂ ಬೆಡ್ ಸಿಗಬೇಕಿತ್ತು.