ಚೆಲುವಿಯ ಬಾಯಿಕುಕ್ಕೆ

ಜೀನಿನ ಹೊಟ್ಟೆಪಟ್ಟಿ ಬಿಗಿಯುತ್ತಿದ್ದೆ. ಚೆಲುವಿ ಕತ್ತು ತಿರುಗಿಸಿ ನನ್ನ ತೋಳಿಗೆ ಬಾಯಿ ಹಾಕಿತು.

ಆರು ವರ್ಷದಲ್ಲಿ ಒಮ್ಮೆಯೂ ಕಚ್ಚದ ಕುದುರೆ.

ನಾನು ಸಾದಲಿ ಹೋಬಳಿಯ ಶೇಕದಾರ. ಹಳ್ಳಿ ಹಳ್ಳಿ ಸುತ್ತಿ ಜಮೀನು, ಬೆಳೆ ನೋಡಿ ಬರುವ ಕೆಲಸಕ್ಕೆ ಈ ಹೆಣ್ಣು ಕುದುರೆಯೇ ನನಗೆ ಕಾಲು. ಮೋಡ ಕಂಡರೆ ಸಿಡಿಲಿಗೆ, ಕಾಣದಿದ್ದರೆ ಬರಕ್ಕೆ ಹೆದರುವ ಜೀವ ನನ್ನದು. ಹೆದರಲೇಬೇಕಾಗಿದ್ದ ಆ ದಿನ ಮಾತ್ರ ಹೆದರಲಿಲ್ಲ. ನೊಣ ಕಚ್ಚಿರಬೇಕು ಅಂದುಕೊಂಡೆ.

ವಾರದೊಳಗೆ ಹುರುಳಿ ಬಿಡತೊಡಗಿತು. ಎರಡು ಬಾಯಿ ತಿಂದು ಮುಖ ಎತ್ತುವುದು, ಹಲ್ಲು ಕಡಿಯುವುದು, ತನ್ನ ಪಕ್ಕೆಯನ್ನೇ ತಿರುಗಿ ನೋಡುವುದು. ಮೈಯ ಹೊಳಪು ಹೋಯಿತು. ಪಕ್ಕೆಲುಬು ಎಣಿಸುವ ಹಾಗಾಯಿತು. ದಿನಾ ಎಣಿಸಿದೆ ಕೂಡ.

ಮೆಣಸು, ಶುಂಠಿ, ಇಂಗು ಕುದಿಸಿ ಕಷಾಯ ಮಾಡಿ ಬಿದಿರಿನ ಗೊಟ್ಟದಲ್ಲಿ ಕುಡಿಸಿದೆ. ನಮ್ಮ ಮನೆಯಲ್ಲಿ ದನ, ಮಕ್ಕಳು, ನಾನು, ಎಲ್ಲರ ಹೊಟ್ಟೆಗೂ ಅದೇ ಮದ್ದು. ಮೂರನೆಯ ದಿನ ಚೆಲುವಿ ಮಲಗಿತು.

ಸಂಜೆಯವರೆಗೂ ಏಳಲಿಲ್ಲ.

"ನಿಮ್ಮ ಕಷಾಯ ನೀವೇ ಕುಡೀರಿ," ಎಂದಳು ನನ್ನ ಹೆಂಡತಿ ಸಾವಿತ್ರಿ. "ಅದು ಎದ್ದ ತಕ್ಷಣ ಡಾಕ್ಟರ ಹತ್ರ ನಡೀರಿ."

ಮರುದಿನ ಹತ್ತದೆ, ಹಗ್ಗ ಹಿಡಿದು, ನಿಂತು ನಿಂತು ಶಿಡ್ಲಘಟ್ಟಕ್ಕೆ ನಡೆದೆವು. ದಾರಿಯಲ್ಲಿ ಸಿಕ್ಕವರು ಸುಮ್ಮನಿರುತ್ತಾರೆಯೇ? "ಏನ್ ಸ್ವಾಮಿ, ಇವತ್ತು ಕುದುರೆಗೆ ರಜಾನಾ?"

ದನದ ಆಸ್ಪತ್ರೆಯ ಡಾಕ್ಟರು ಬಾಯಿ ತೆರೆಸಿ ಹಲ್ಲು ನೋಡಿದರು. ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟರು. ಲದ್ದಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು.

"ಹಲ್ಲು ಸರಿಯಾಗಿದೆ. ಹೊಟ್ಟೆಹುಳ ಇಲ್ಲ. ಅಲ್ಸರ್ ಇರಬಹುದು."

"ಇರಬಹುದು ಅಂದ್ರೆ?"

"ಒಳಗೆ ಇಣುಕಿ ನೋಡೋ ಸಾಧನ ನನ್ನ ಹತ್ರ ಇಲ್ಲ, ಶೇಕದಾರ್ರೇ." ಆಮೇಲೆ ಅವರ ಬೆರಳು ಚೆಲುವಿಯ ಮೂಗಿನ ಮೇಲೆ, ಕೂದಲು ಸವೆದ ಗೆರೆಯ ಮೇಲೆ ನಿಂತಿತು. "ಇದೇನಿದು?"

ಹೇಳಬೇಕಾಯಿತು. ಮೂರು ತಿಂಗಳ ಹಿಂದೆ ನಾನು ಅಳತೆಯಲ್ಲಿ ಮುಳುಗಿದ್ದಾಗ ಚೆಲುವಿ ಮುನಿಯಮ್ಮನ ಹಿಪ್ಪುನೇರಳೆ ತೋಟಕ್ಕೆ ನುಗ್ಗಿ, ರೇಷ್ಮೆಹುಳುವಿಗೆಂದು ಬಿಟ್ಟಿದ್ದ ಸೊಪ್ಪು ಮೇಯ್ದಿತ್ತು. "ಇವಾಗ ಕುದುರೇನೂ ಕಂದಾಯ ವಸೂಲಿ ಮಾಡ್ತೈತಾ ಸ್ವಾಮಿ?" ಎಂದಿದ್ದಳು ಆಕೆ. ಊರು ನಕ್ಕಿತ್ತು. ಮರುದಿನವೇ, ಕಣದಲ್ಲಿ ಎತ್ತು ಕಾಳಿಗೆ ಬಾಯಿ ಹಾಕದಂತೆ ಕಟ್ಟುವ ಕುಕ್ಕೆಯನ್ನು ಚೆಲುವಿಯ ಮೂತಿಗೆ ಕಟ್ಟಿದೆ. ಬೆಳಿಗ್ಗೆ ಕಟ್ಟಿದರೆ ನೀರಿಗೆ ಮಾತ್ರ ಬಿಚ್ಚುವುದು. ಸಂಜೆ ಮನೆಗೆ ಬಂದು ದಿನದ ಹುರುಳಿಯನ್ನೆಲ್ಲ ಒಟ್ಟಿಗೇ ಸುರಿಯುವುದು.

ಡಾಕ್ಟರು ಕೈ ಒರೆಸಿಕೊಂಡರು. "ಎತ್ತಿಗೆ ಮೆಲುಕು ಹಾಕೋಕೆ ಒಳಗೆ ದಾಸ್ತಾನಿರುತ್ತೆ. ಕುದುರೆ ಹೊಟ್ಟೇಲಿ ಹುಳಿ ಸುರೀತಾನೇ ಇರುತ್ತೆ, ಅದಕ್ಕೆ ಹುಲ್ಲು ಬೀಳ್ತಾನೇ ಇರಬೇಕು. ಇಲ್ದಿದ್ರೆ ಹೊಟ್ಟೇನೇ ಸುಡುತ್ತೆ. ಸುಟ್ಟ ಜಾಗಕ್ಕೆ ನೀವು ಮೆಣಸು ಬೇರೆ ಹೊಯ್ದಿದ್ದೀರಿ."

ಅವರು ಚೀಟಿ ಬರೆದುಕೊಟ್ಟರು.

ಒಂದು ತಿಂಗಳು ಜೀನಿಲ್ಲ. ಮುಂದೆ ಸದಾ ಹುಲ್ಲು, ಹುರುಳಿ ಹಿಡಿ ಹಿಡಿಯಾಗಿ, ಹುಳಿ ತಗ್ಗಿಸಲು ನೀರಿನಲ್ಲಿ ಕಲಸಿದ ಬಿಳಿ ಪುಡಿ. "ಹದಿನೈದು ದಿನದಲ್ಲಿ ತಿಂದರೆ ನನ್ನ ಊಹೆ ಸರಿ. ತಿನ್ನದಿದ್ದರೆ ಬೇರೇನೋ ಇದೆ. ಅದು ನನ್ನ ಕೈಲಿಲ್ಲ."

ಆ ದಿನಗಳಲ್ಲಿ ಹೋಬಳಿಯನ್ನು ನಾನೇ ನಡೆದು ಸುತ್ತಿದೆ. ಹಿಮ್ಮಡಿ ಒಡೆಯಿತು. ಮನೆಗೆ ಬಂದವನೇ ಲಾಯಕ್ಕೆ ಹೋಗಿ ಹುಲ್ಲು ಎಷ್ಟು ಕರಗಿದೆ ಎಂದು ನೋಡುವುದು. ಕರಗಿರದಿದ್ದರೆ ನನಗೂ ಊಟ ಇಳಿಯುತ್ತಿರಲಿಲ್ಲ. ದಣಿವು ಎಷ್ಟಿತ್ತೆಂದರೆ ಗಾಬರಿಪಡುವುದಕ್ಕೂ ತ್ರಾಣವಿರಲಿಲ್ಲ. ನನ್ನಂಥವನಿಗೆ ಅದು ದೊಡ್ಡ ನಷ್ಟ.

ಹನ್ನೊಂದನೆಯ ದಿನ ಹುರುಳಿ ಬಕೆಟ್ಟಿನ ತಳ ಕಾಣಿಸಿತು.

ತಿಂಗಳಾದ ಮೇಲೆ ಹಗ್ಗ ಹಿಡಿದು ಮುನಿಯಮ್ಮನ ತೋಟದ ಪಕ್ಕ ಹೋಗುತ್ತಿದ್ದೆ. "ಕುಕ್ಕೆ ಎಲ್ಲಿ ಸ್ವಾಮಿ?" ಎಂದಳು. ಎಲ್ಲ ಹೇಳಿದೆ.

"ಅಯ್ಯೋ ದೇವುಡಾ, ನಗಾಡೋಕೆ ಅಂದ ಮಾತಿಗೆ ಮೂಗಪ್ರಾಣೀನ ಉಪವಾಸ ಕೆಡವಿದ್ರಾ? ಹಗ್ಗ ಬಿಡಿ. ನನ್ ಹುಳ ಹಣ್ಣಾಗಿ, ಮೇವು ಬಿಟ್ಟು ಗೂಡು ಕಟ್ತಾವೆ. ಮಿಕ್ಕಿದ ಸೊಪ್ಪು ಇನ್ಯಾರಿಗೆ?"

ಬಿಟ್ಟೆ. ಚೆಲುವಿ ನಿಧಾನವಾಗಿ ಮೇಯ್ದಿತು. ಒಳಗೆ ಗಾಯ ಆರಿದೆಯೋ, ಗಾಯವೇ ಇತ್ತೋ, ಇಂದಿಗೂ ಯಾರೂ ಕಂಡಿಲ್ಲ. ಈಗಲೂ ಹೊಟ್ಟೆಪಟ್ಟಿ ಬಿಗಿಯುವಾಗ ಅದು ಕತ್ತು ತಿರುಗಿಸಿ ನನ್ನ ತೋಳನ್ನೇ ನೋಡುತ್ತದೆ. ಕಚ್ಚುವುದಿಲ್ಲ. ನಾನು ಒಂದು ತೂತು ಸಡಿಲ ಬಿಡುತ್ತೇನೆ.