ಬೆಳಕಿನ ಕಾಳಿನ ಮೇಷ್ಟ್ರು

ಚನ್ನರಾಯಪಟ್ಟಣದ ಒಂದು ಜೂನಿಯರ್ ಕಾಲೇಜಿನ ಹಾಲ್. ಬೆಂಚುಗಳಲ್ಲಿ ಎರಡನೇ ಪಿ.ಯು. ವಿಜ್ಞಾನದ ಮಕ್ಕಳು, ಕಿಟಕಿ ಪಕ್ಕ ಅಲ್ಲಿನ ಪ್ರಿನ್ಸಿಪಾಲರು, ಬಾಗಿಲ ಬಳಿ ನಾನು. ಮುಂದಿನ ಸಾಲಿನಲ್ಲಿ, ಕರೆಯದೆ ಬಂದು ಕೂತಿದ್ದ ಇಬ್ಬರು ದನದ ದಲ್ಲಾಳಿಗಳು, ಜವರಣ್ಣ ಮತ್ತು ಬೋರಣ್ಣ. ವೇದಿಕೆಯ ಮೇಲೆ ಇಸ್ತ್ರಿ ಮಾಡಿದ ಪ್ಯಾಂಟು, ತುಂಬುತೋಳಿನ ಅಂಗಿ, ಅದರ ಮೇಲೆ ಯಾವ ಮುಲಾಜೂ ಇಲ್ಲದೆ ಕೆಂಪಂಚಿನ ಟವೆಲ್ ಹೊದ್ದ ನಿಂಗೇಗೌಡ ಮೇಷ್ಟ್ರು.

ನಿಂಗೇಗೌಡರು ಹೊಳೆನರಸೀಪುರದ ನಮ್ಮ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳುತ್ತಿದ್ದರು, ನಾನು ಕನ್ನಡ. ತೊಂಬತ್ತರ ದಶಕ ಪೂರ್ತಿ ಹಾಸನದಿಂದ ಒಂದೇ ಬಸ್ಸಿನಲ್ಲಿ ಹೋಗಿ ಬಂದವರು ನಾವು. ಅವರ ತಂದೆ ದಂಡಿಗನಹಳ್ಳಿ ಕಡೆಯ ಹೆಸರಾದ ದನದ ದಲ್ಲಾಳಿ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ ಕೆಳಗೆ ಕೈ ಇಟ್ಟು ಬೆರಳು ಹಿಡಿದೇ ವ್ಯಾಪಾರ ಕುದುರಿಸುತ್ತಾರೆ. ತಂದೆ ತೀರಿಕೊಂಡ ಮೇಲೆ ಆ ಟವೆಲ್ ಮಗನ ಹೆಗಲಿಗೆ ಬಂತು. ಹೊಸದಾಗಿ ಬಂದ ಪ್ರಿನ್ಸಿಪಾಲರೊಬ್ಬರು ಅದನ್ನು ತೆಗೆದಿಡಿ ಎಂದಾಗ ಇವರು, "ಸಾ, ನೀವು ಟೈ ಬಿಚ್ಚಿ, ನಾನೂ ಬಿಚ್ತೀನಿ" ಎಂದರಂತೆ. ಮಾತು ಅಲ್ಲಿಗೇ ನಿಂತಿತು.

ತರಗತಿಯಲ್ಲೂ ಅವರದು ಊರ ಭಾಷೆಯೇ. ಫೋಟಾನ್ ಅನ್ನುವುದು ಅವರ ಬಾಯಲ್ಲಿ "ಬೆಳಕಿನ ಕಾಳು". ಜೊತೆಯಲ್ಲಿ ಹುಟ್ಟಿ, ಹೆಣೆದುಕೊಂಡು, ಆಮೇಲೆ ಎಷ್ಟು ದೂರ ಹೋದರೂ ಒಂದನ್ನು ಅಳೆದಾಗ ಬರುವ ಉತ್ತರಕ್ಕೆ ಇನ್ನೊಂದರ ಉತ್ತರ ಕೂಡಿಕೊಳ್ಳುವ ಆ ಕಾಳುಗಳ ಹುಚ್ಚು ಅವರಿಗೆ ವಿಪರೀತ ಹಿಡಿದಿತ್ತು. ಶಾಂತಿಗ್ರಾಮದ ಹೋಟೆಲಿನ ಮಾಣಿ "ಕಾಫಿನಾ ಟೀನಾ?" ಎಂದರೂ, "ನೀನು ಕೇಳಾವರ್ಗೂ ನಂಗೇ ಗೊತ್ತಿರ್ಲಿಲ್ಲ ಕಣಯ್ಯ" ಎಂದು ಅವನನ್ನು ನಿಲ್ಲಿಸಿಕೊಂಡು ಪಾಠ ಶುರುಮಾಡುವರು. ನಮ್ಮ ಕಾಫಿ ಆರಿ ಹೋಗುತ್ತಿತ್ತು.

ಒಮ್ಮೆ ಬಸ್ಸಿನಲ್ಲಿ ನಾನು, "ಇದರಲ್ಲೇನು ಆಶ್ಚರ್ಯ ಗೌಡರೇ, ಹೊರಡುವ ಮುಂಚೆ ಎರಡೂ ಮಾತಾಡಿಕೊಂಡಿರುತ್ತವೆ" ಎಂದೆ.

ಅವರು ನಕ್ಕರು. "ನಮ್ಮಪ್ಪನೂ ಇಂಗೇ ಅಂದಿದ್ದ ಸ್ವಾಮಿ. ಲೋಕದಾಗೆ ಎಲ್ಲ ಮೊದ್ಲೇ ಒಪ್ಪಂದ ಆಗಿರ್ತದೆ ಅನ್ನೋದು ದಲ್ಲಾಳಿ ಬುದ್ಧಿ. ಕನ್ನಡ ಮೇಷ್ಟ್ರಿಗೂ ಅದು ಬಂದ್ಬುಡ್ತಲ್ಲ."

ಆ ದಶಕದ ಕೊನೆಯ ಒಂದು ವರ್ಷ ಇಲಾಖೆಯಿಂದ ಸುತ್ತೋಲೆ ಬಂತು. ಹದಿನೈದು ಮಕ್ಕಳು ಸೇರದಿದ್ದರೆ ಬಿ.ಎಸ್ಸಿ. ಭೌತವಿಜ್ಞಾನ ಬಂದ್. ಹಿಂದಿನ ವರ್ಷ ಸೇರಿದ್ದವರು ಒಂಬತ್ತು. ಇವರು ರಜೆ ಹಾಕಿ ಅರಕಲಗೂಡು, ಹಳ್ಳಿಮೈಸೂರು ಎಂದು ಕಾಲೇಜು ಕಾಲೇಜು ಸುತ್ತಿದರು. ಭಾಷಣ ಕೇಳಿ ಮಕ್ಕಳು ಚಪ್ಪಾಳೆ ತಟ್ಟಿದರು, ಹೆಸರು ಕೊಟ್ಟವರು ಮಾತ್ರ ನಾಲ್ಕೇ ಜನ. ಚನ್ನರಾಯಪಟ್ಟಣದ್ದೇ ಕೊನೆಯ ಹಾಲ್. "ಇಲ್ಲೂ ಆಗದಿದ್ರೆ ಪ್ರಯೋಗಾಲಯಕ್ಕೆ ಬೀಗ ಆಕಿ, ಕೀ ನಾನೇ ಒಪ್ಪಿಸ್ಬೇಕು" ಎಂದು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಬಂದರು. ಅಂದು ಸಂತೆಯ ದಿನ. ಗೆಳೆಯನ ಮಗ ಭಾಷಣ ಮಾಡುತ್ತಾನೆಂದು ಯಾರಿಂದಲೋ ಕೇಳಿ, ಅವರಪ್ಪನ ಜೊತೆಗಾರರಾದ ಆ ಇಬ್ಬರು ದನದ ಸಂತೆಯ ಮಾಳದಿಂದ ನೇರ ಹಾಲಿಗೆ ನಡೆದು ಬಂದಿದ್ದರು.

ಮೇಷ್ಟ್ರು ಭಾಷಣದ ಬದಲು ಒಂದು ಆಟ ಹೇಳಿದರು. ಇಬ್ಬರು ಆಟಗಾರರು, ಬೇರೆ ಬೇರೆ ಕೋಣೆ. ಪ್ರತಿ ಕೋಣೆಯಲ್ಲೂ ಒಬ್ಬ ವಿದ್ಯಾರ್ಥಿ ನಾಣ್ಯ ಚಿಮ್ಮಿ, ಬಿದ್ದ ಪ್ರಕಾರ "ಎತ್ತು" ಎಂದೋ "ಹಸು" ಎಂದೋ ಕೂಗುತ್ತಾನೆ. ಆಟಗಾರ ಟವೆಲ್ ಕೆಳಗೆ ಅವನಿಗೆ ಒಂದು ಬೆರಳನ್ನೋ ಎರಡನ್ನೋ ಹಿಡಿಸಬೇಕು, ಅವನು ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಇಬ್ಬರಿಗೂ "ಹಸು" ಬಂದರೆ ಬೆರಳಿನ ಎಣಿಕೆ ಬೇರೆ ಬೇರೆ ಇರಬೇಕು. ಮಿಕ್ಕ ಹೇಗೇ ಬಂದರೂ ಇಬ್ಬರ ಎಣಿಕೆಯೂ ಒಂದೇ ಇರಬೇಕು. ಮೊದಲೇ ಎಷ್ಟು ಬೇಕಾದರೂ ಮಾತಾಡಿಕೊಳ್ಳಬಹುದು. ಕೋಣೆ ಹೊಕ್ಕ ಮೇಲೆ ಸುದ್ದಿ ಕಳಿಸುವಂತಿಲ್ಲ.

"ಯಾವ ಒಪ್ಪಂದ ಮಾಡ್ಕಂಡು ಓದ್ರೂ ನೂರಕ್ಕೆ ಎಪ್ಪತ್ತೈದರ ಮೇಲೆ ಗೆಲ್ತೀನಿ ಅನ್ನಂಗಿಲ್ಲ" ಎಂದರು ಮೇಷ್ಟ್ರು.

ಜವರಣ್ಣ ಎದ್ದು ನಿಂತ. "ಲೇ ನಿಂಗ, ಮೂವತ್ತು ವರ್ಸದಿಂದ ಇವ್ನೂ ನಾನೂ ಒಂದೇ ಟವೆಲ್ ಕೆಳ್ಗೆ ಕೈ ಇಟ್ಟಿದ್ದೀವಿ ಕಣ್ಲಾ. ಇವ್ನ ಕೆಮ್ಮಿನ ಮೇಲೆ ಎತ್ತಿನ ಅಲ್ಲು ಎಷ್ಟು ಅಂತ ಏಳ್ತೀನಿ. ನಮ್ಮುನ್ನ ಸೋಲಿಸ್ತೀಯ ನೀನು?"

"ಕೆಮ್ಮಂಗಿಲ್ಲ ದೊಡ್ಡಪ್ಪ."

"ಕೆಮ್ಮದೇನೇ ಗೆಲ್ತೀವಿ ಬಾ."

ಹಾಲಿಗೆ ಹಾಲೇ ನಕ್ಕಿತು. ನನಗೆ ಮಾತ್ರ ಚಿಂತೆ. ಆ ಇಬ್ಬರು ಅದೃಷ್ಟಕ್ಕಾದರೂ ಗೆದ್ದುಬಿಟ್ಟರೆ ಮಕ್ಕಳ ಕಣ್ಣಲ್ಲಿ ಮೇಷ್ಟ್ರ ವಿಜ್ಞಾನ ಗಾಳಿಗೆ ಹೋದಂತೆಯೇ.

ಒಬ್ಬನನ್ನು ಪ್ರಯೋಗಾಲಯದಲ್ಲಿ, ಇನ್ನೊಬ್ಬನನ್ನು ಲೈಬ್ರರಿಯಲ್ಲಿ ಕೂರಿಸಿದರು. ಏನೇ ಕೂಗಲಿ ಇಬ್ಬರೂ ಒಂದು ಬೆರಳು ಹಿಡಿಸುವುದು ಎಂದು ಅವರ ಒಪ್ಪಂದ. ಮಕ್ಕಳು ಎರಡೂ ಕಡೆಯ ಚೀಟಿಗಳನ್ನು ತಂದು ಹೋಲಿಸಿದರು. ಮೊದಲ ಆರು ಸುತ್ತೂ ಗೆಲುವು. ಶಿಳ್ಳೆಗಳು ಎದ್ದವು. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ಮೇಷ್ಟ್ರ ಮುಖ ನೋಡಿದೆ. ಆ ಮಹಾರಾಯ ಬೀಗರ ಮನೆಗೆ ಊಟಕ್ಕೆ ಬಂದವರಂತೆ ನೆಮ್ಮದಿಯಾಗಿ ಕೂತಿದ್ದರು.

ಏಳನೆಯದರಲ್ಲಿ ಎರಡೂ ಕಡೆ "ಹಸು" ಬಿತ್ತು. ಸೋತರು. ಇಪ್ಪತ್ತು ಸುತ್ತು ಮುಗಿಯುವಷ್ಟರಲ್ಲಿ ಐದು ಸಲ ಸೋತಿದ್ದರು. ಹೊರಗೆ ಬಂದು ತಲೆಗೆ ತಲೆ ಕೊಟ್ಟು ಹೊಸ ಒಪ್ಪಂದ ಮಾಡಿಕೊಂಡರು. "ಹಸು" ಅಂದಾಗ ಬೋರಣ್ಣ ಎರಡು ಬೆರಳು ಹಿಡಿಸುವುದು, ಮಿಕ್ಕಂತೆ ಎಲ್ಲ ಒಂದು ಬೆರಳು. ಈಗ ಜವರಣ್ಣನಿಗೆ "ಎತ್ತು", ಬೋರಣ್ಣನಿಗೆ "ಹಸು" ಬಂದಾಗಲೆಲ್ಲ ಸೋಲು.

"ನೀನೇ ಮರ್ತಿದ್ದು" ಎಂದ ಜವರಣ್ಣ.

"ನಾನ್ಯಾಕ್ ಮರೀಲಿ? ಏಳಿದ್ದೇ ನೀನು ಸರ್ಯಾಗಿ ಏಳಿಲ್ಲ" ಎಂದ ಬೋರಣ್ಣ.

ಮೂರನೇ ಸಲ ಜವರಣ್ಣ ಕೋಣೆಗೆ ಹೋಗಲಿಲ್ಲ. ಸೀಮೆಸುಣ್ಣ ಇಸಿದುಕೊಂಡು ಹಲಗೆಯ ಮೇಲೆ ನಾಲ್ಕು ಚೌಕ ಬರೆದ. ಒಂದೊಂದರ ಮೇಲೂ ಬೆರಳಿಟ್ಟು ಲೆಕ್ಕ ಹಾಕಿದ.

"ಎತ್ತು-ಎತ್ತು, ಒಂದೇ ಇರ್ಬೇಕು. ಎತ್ತು-ಹಸು, ಒಂದೇ. ಹಸು-ಎತ್ತು, ಅದೂ ಒಂದೇ. ಈ ಮೂರೂ ಒಂದೇ ಆದ್ಮೇಲೆ ನಾಕನೇದು ಬ್ಯಾರೆ ಎಂಗಾದಾತು? ಅದೂ ಒಂದೇ ಆಗ್ತದೆ. ನೀನು ಅಲ್ಲಿ ಬ್ಯಾರೆ ಇರ್ಬೇಕು ಅಂತೀಯ." ಅವನು ನಮ್ಮ ಕಡೆ ತಿರುಗಿದ. "ನಾಕು ಮೂಲೆ ಕಂಬ್ಳಿ ಇದು. ಎಂಗ್ ಎಳ್ದು ಒದ್ಕಂಡ್ರೂ ಒಂದು ಮೂಲೆ ಸಾಲ್ದು, ನಾಕರಲ್ಲಿ ಮೂರೇ ಗೆಲುವು. ನಾವು ಪೆದ್ದಾಗಿ ಸೋತಿಲ್ಲ ಕಣ ಬೋರ, ಗೆಲ್ಲೋ ಒಪ್ಪಂದವೇ ಇಲ್ಲ."

ಮೇಷ್ಟ್ರು ಎದ್ದು ನಿಂತು ಅವನಿಗೆ ಕೈ ಮುಗಿದರು.

"ಅದಿರ್ಲಿ, ನಿನ್ ಬೆಳಕಿನ ಕಾಳು ಗೆಲ್ತವಾ?" ಎಂದು ಕೇಳಿದ ಜವರಣ್ಣ.

"ನೂರಕ್ಕೆ ಎಂಬತ್ತೈದರ ಅತ್ರ ಗೆಲ್ತವೆ ದೊಡ್ಡಪ್ಪ."

"ಕದ್ದು ಸುದ್ದಿ ಕಳಿಸ್ಕಂತವೆ."

"ಇಲ್ಲ. ಇಲ್ಲಿಂದ ಬೆಳಕು ಅಲ್ಲಿಗೆ ಓಗೋದ್ರೊಳ್ಗೇ ಅಲ್ಲಿ ಉತ್ರ ಬಂದಿರ್ತದೆ. ಅವುನ್ನ ಇಟ್ಕಂಡು ನೀನು ಸಂತೆ ರೇಟ್ ಒಂದನ್ನೂ ಆಚೆ ಊರಿಗೆ ತಿಳ್ಸಕಾಗಲ್ಲ."

"ಒಪ್ಪಂದಾನೂ ಅಲ್ಲ, ಸುದ್ದೀನೂ ಅಲ್ಲ. ಮತ್ತಿನ್ನೇನ್ಲಾ ಅದು?"

ಮೇಷ್ಟ್ರು ಮಕ್ಕಳ ಕಡೆ ತಿರುಗಿದರು. "ಕೇಳಾಕ್ ಮುಂಚೆ ಅವುಗಳ ಅತ್ರ ಉತ್ರವೇ ಇರ್ಲಿಲ್ಲ ಅಂತಾರೆ ಕೆಲವ್ರು. ಅವು ಎರಡು ಅಂತ ನಾವು ಎಣ್ಸಿದ್ದೇ ತಪ್ಪು, ಎಷ್ಟು ದೂರ ಇದ್ರೂ ಒಂದೇ ಅಂತಾರೆ ಇನ್ನು ಕೆಲವ್ರು. ಲೋಕ ಎಂಗದೆ ಅಂತ ನಂಗೂ ಗೊತ್ತಿಲ್ಲ. ಎಂಗಿಲ್ಲ ಅನ್ನೋದ್ನ ನಮ್ ದೊಡ್ಡಪ್ಪ ಈಗ ಬೋರ್ಡ್ ಮೇಲೆ ಬರ್ದವ್ರೆ. ಮಿಕ್ಕಿದ್ದು ಬೇಕಾದೋರು ಜೂನ್‌ನಲ್ಲಿ ಓಳೆನರಸೀಪುರಕ್ಕೆ ಬನ್ನಿ, ಉತ್ರ ಒಟ್ಗೆ ಉಡುಕಾಣ."

ಚಪ್ಪಾಳೆಯಲ್ಲ ಅದು, ಬೆಂಚು ಬಡಿತ. ಪ್ರಿನ್ಸಿಪಾಲರೂ ಬಡಿಯುತ್ತಿದ್ದರು. ಹಲಗೆಯ ಮೇಲಿನ ಚೌಕಗಳನ್ನು ಬರೆದುಕೊಳ್ಳಲು ಹುಡುಗ ಹುಡುಗಿಯರು ನುಗ್ಗಿದರು. ಅವರ ನಡುವೆ ಜವರಣ್ಣ ರುಮಾಲು ಸರಿಮಾಡಿಕೊಂಡು, "ನೂಕಬ್ಯಾಡ್ರಪ್ಪ, ಇನ್ನೊಂದ್ಸಲ ಏಳ್ತೀನಿ" ಎಂದು ಥೇಟ್ ಮೇಷ್ಟ್ರೇ ಆಗಿಬಿಟ್ಟಿದ್ದ.

ಜೂನ್‌ನಲ್ಲಿ ಇಪ್ಪತ್ತೆರಡು ಅರ್ಜಿ ಬಂದವು. ಒಂದು ಅರ್ಜಿಯನ್ನು ಜವರಣ್ಣ ತಾನೇ ಹಿಡಿದು ತಂದ, ಜೊತೆಗೆ ಮೊಮ್ಮಗಳು ಸವಿತಾಳನ್ನೂ ಕರೆತಂದ. "ನಿಂಗ, ನಂಗೆ ಎಪ್ಪತ್ತೈದರ ತಂಕ ಅರ್ತ ಆಗದೆ. ಆ ಎಂಬತ್ತೈದು ಎಂಗ್ ಬತ್ತದೆ ಅಂತ ಇವಳಿಗೆ ಏಳ್ಕೊಡು" ಎಂದ. ಮೇಷ್ಟ್ರು ಸುತ್ತೋಲೆಯ ಕಡತಕ್ಕೆ ಆ ಇಪ್ಪತ್ತೆರಡು ಹೆಸರಿನ ಪಟ್ಟಿ ಸೇರಿಸಿ, ಇಡೀ ಸ್ಟಾಫ್ ರೂಮಿಗೆ ಮೈಸೂರುಪಾಕು ಹಂಚಿದರು.

ವಿಭಾಗ ಉಳಿಯಿತು. ಎರಡು ಸಾವಿರದ ಐದರಲ್ಲಿ ಅವರು ನಿವೃತ್ತರಾದರು. ಮರುವರ್ಷ, ಪರೀಕ್ಷೆ ಹತ್ತಿರವಿದ್ದ ಒಂದು ಬೆಳಿಗ್ಗೆ, ಅವರು ದಂಡಿಗನಹಳ್ಳಿಯಲ್ಲಿ ಹೋಗಿಬಿಟ್ಟರೆಂದು ಸುದ್ದಿ ಬಂತು. ಅಷ್ಟರಲ್ಲಿ ಸವಿತಾ ಎಂ.ಎಸ್ಸಿ. ಮುಗಿಸಿ ನಮ್ಮ ಕಾಲೇಜಿಗೇ ಅತಿಥಿ ಉಪನ್ಯಾಸಕಿಯಾಗಿ ಬಂದಿದ್ದಳು. ಆ ದಿನ ಅವಳು ಪಾಠ ನಿಲ್ಲಿಸಲಿಲ್ಲ. ಗಂಟೆ ಹೊಡೆಯುವವರೆಗೂ ಹೇಳಿ, ಹಲಗೆ ಒರೆಸಿ, ಹಾಜರಿ ಕರೆದಳು. ಮೂವತ್ತೊಂದು ಮಕ್ಕಳಿದ್ದರು. ಮೇಷ್ಟ್ರ ಮಣ್ಣಿಗೆಂದು ಮಧ್ಯಾಹ್ನದ ಬಸ್ಸಿಗೆ ಮೂವತ್ತೊಂದು ಜನವೂ ಹತ್ತಿದರು. ಕೂರಲು ಜಾಗ ಸಾಲದೆ ನಾನು ದಂಡಿಗನಹಳ್ಳಿಯವರೆಗೂ ನಿಂತೇ ಹೋದೆ.