ಹಿಂದಿನ ಪ್ಲಾಟಿನ ಒಣಹುಲ್ಲು

ನನ್ನ ಮನೆಗೆ ಬೆಂಕಿ ತಗುಲದಿರಲೆಂದು ಹಿಂದಿನ ಖಾಲಿ ಪ್ಲಾಟಿನ ಒಣಹುಲ್ಲನ್ನು ಕೆತ್ತಿಸುತ್ತಿದ್ದಾಗ, ನಮ್ಮ ಕಾಲೊನಿಯ ಸಮಿತಿಯವರು ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದರು. ನಿಲ್ಲಿಸಿದ್ದಲ್ಲದೆ, ನೆರೆಯವರೆಲ್ಲರ ಎದುರು ನನ್ನನ್ನು ಪರರ ಜಾಗ ಕಬ್ಜಾ ಮಾಡುವವನೆಂದು ಕರೆದರು. ಆ ಮಾತಿಗೆ ಇಂದಿನವರೆಗೆ ಯಾರೂ ಕ್ಷಮೆ ಕೇಳಿಲ್ಲ.

ಮಹಾನಗರದ ಹೊರಬಡಾವಣೆ ಮಿಯಾಪುರದ ಅಂಚಿನಲ್ಲಿ ಮನೆಗಳಿಗಿಂತ ಪ್ಲಾಟುಗಳೇ ಹೆಚ್ಚಿದ್ದ ಕಾಲ ಅದು. ಸಾಫ್ಟ್‌ವೇರ್ ಕೆಲಸದವರು ನೆಲವನ್ನು ಕಣ್ಣಿಂದ ನೋಡದೆಯೇ ಕೊಂಡು, ಬೆಲೆ ಏರುವುದನ್ನು ದೂರದಿಂದಲೇ ಕಾಯುತ್ತಿದ್ದರು. ನನ್ನ ಹಿತ್ತಿಲ ಗೋಡೆಗೆ ಅಂಟಿದ ಪ್ಲಾಟೂ ಅಂಥದ್ದೇ. ಮಳೆಗಾಲದಲ್ಲಿ ಎದೆಯೆತ್ತರ ಬೆಳೆದ ಹುಲ್ಲು ಶಿವರಾತ್ರಿಯ ಹೊತ್ತಿಗೆ ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿತ್ತು. ಗೋಡೆಯ ಈಚೆ ಬದಿಗೇ ನನ್ನ ಹೆಂಡತಿಯ ಕೋಣೆ; ಅದರ ಕಿಟಕಿ ಪ್ಲಾಟಿನ ಕಡೆಗೆ. ಆಕೆಗೆ ಉಬ್ಬಸ; ಮಂಡಿಗಳು ಸೋತು ತಾನಾಗಿ ಏಳಲಾರಳು. ರಸ್ತೆಬದಿಯ ಕಸಕ್ಕೆ ಯಾರಾದರೂ ಕಡ್ಡಿ ಗೀರಿದರೆ ಸಾಕಿತ್ತು. ಸಮಿತಿಗೆ ಹೇಳಿದೆ, ಮತ್ತೆ ಹೇಳಿದೆ. “ನೋಡೋಣ್ರಿ” ಎಂದರು. ಕೊನೆಗೆ ಯಾದಗಿರಿ ಕಡೆಯ ಗಂಡಹೆಂಡಿರನ್ನು ಕೂಲಿಗೆ ಕರೆದು, ಗೋಡೆಯುದ್ದಕ್ಕೂ ಅಗಲವಾದ ಒಂದು ಪಟ್ಟಿಯನ್ನು ಮಣ್ಣು ಕಾಣುವಂತೆ ಕೆತ್ತಿಸತೊಡಗಿದೆ.

ಅರ್ಧ ಮುಗಿದಿತ್ತು. ಸಮಿತಿಯ ಕಾರ್ಯದರ್ಶಿ ಸ್ಕೂಟರ್ ನಿಲ್ಲಿಸಿದರು. ಬೀದರ್ ಕಡೆಯವರು, ನನಗಿಂತ ಕಿರಿಯರು. ನಮ್ಮ ಮನೆಯಲ್ಲಿ ಊಟ ಮಾಡಿದವರು.

“ಏನ್ರಿ ಕಾಕಾ, ಇವತ್ತ ಹುಲ್ಲ ಕೆತ್ತಸ್ತೀರಿ, ನಾಳಿ ಒಂದ್ ಗುಡಿಸಲ ಹಾಕ್ತೀರಿ, ನಾಡಿದ್ದ ಕಂಪೌಂಡು! ಈ ಊರಾಗ ಕಬ್ಜಾ ಹೆಂಗ ಆಗ್ತದಂತ ನಮಗ ಗೊತ್ತಿಲ್ಲೇನು?”

“ಮಾಲೀಕರಿಗೆ ಫೋನ್ ಹಚ್ರಿ. ಈಗ್ಲೇ ಕೇಳ್ರಿ.”

“ಅವರು ಮೀಟಿಂಗ್‌ನಾಗ ಇರ್ತಾರ್ರಿ. ನಿಮ್ಮ ಹುಲ್ಲಿನ ಸಲುವಾಗಿ ಎದ್ದು ಬರ್ತಾರೇನು?”

ಎದುರುಮನೆಯವರು ಮಹಡಿಯಿಂದಲೇ, “ಎಮ್ಮಿ ಯಾವಾಗ ಕಟ್ತೀರಿ ಕಾಕಾ?” ಎಂದರು. ನಗು ಎದ್ದಿತು.

ಕೂಲಿ ಹೆಂಗಸು ಸನಿಕೆ ಕೆಳಗಿಟ್ಟಳು. “ಸಾಹೇಬ್ರ, ನಿಮ್ಮ ಜಗಳದಾಗ ನಮ್ಮನ್ನ ಎಳೀಬ್ಯಾಡ್ರಿ. ಪೊಲೀಸರು ಮೊದಲ ನಮ್ಮನ್ನ ಹಿಡೀತಾರ.” ಅವರು ಹೊರಟುಹೋದರು.

ನ್ಯಾಯವಾಗಿಯೇ ಹೇಳುತ್ತೇನೆ: ಆ ದಿನಗಳಲ್ಲಿ ಕಬ್ಜಾಗಳು ಶುರುವಾಗುತ್ತಿದ್ದುದು ಹಾಗೆಯೇ, ಪರರ ಜಾಗವನ್ನು ಚೊಕ್ಕಟ ಮಾಡುವುದರಿಂದ. ಅನುಮಾನ ಪಡಲಿ. ಆದರೆ ಹುಲ್ಲನ್ನು ತಾವಾದರೂ ಕೆತ್ತಿಸಬೇಕಿತ್ತು. ಕೆತ್ತಿಸಲಿಲ್ಲ.

ಯುಗಾದಿಗೆ ಮುಂಚೆ, ಒಂದು ಮಧ್ಯಾಹ್ನ, ರಸ್ತೆಬದಿಯ ಕಸದಿಂದ ಬೆಂಕಿ ಹುಲ್ಲಿಗಿಳಿಯಿತು. ಚಟಚಟ ಸದ್ದು ಕೇಳಿ ಹಿತ್ತಿಲಿಗೆ ಓಡಿದೆ. ಕೆತ್ತಿದ ಕಡೆ ಜ್ವಾಲೆ ಬರಿಮಣ್ಣಿನೆದುರು ತಗ್ಗಿ ನಿಂತಿತು. ಕೆತ್ತದ ಕಡೆ ನೇರ ಗೋಡೆಗೆ ಬಂದು, ಕಿಟಕಿಯ ಸೊಳ್ಳೆಜಾಲರಿಯನ್ನು ಕರಗಿಸಿತು. ಒಳಗೆ ನನ್ನ ಹೆಂಡತಿ ಕೂಗಲೂ ಉಸಿರಿಲ್ಲದೆ ಮಂಚದ ಸರಳನ್ನು ಬಡಿಯುತ್ತಿದ್ದಳು. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನೇ ಎಳೆದು ಬೀದಿಗೆ ತಂದೆ. ಹೊಗೆಯಲ್ಲಿ ಹೊಸ್ತಿಲು ಕಾಣಲಿಲ್ಲ. ಒಮ್ಮೆ ಇಬ್ಬರೂ ಬಿದ್ದೆವು.

ನೆರೆಯವರ ಜೊತೆ ಕಾರ್ಯದರ್ಶಿಯೂ ಬಂದರು, ಒದ್ದೆ ಗೋಣಿಚೀಲ ಹಿಡಿದು. ನಿಂತು ಬೆಂಕಿ ಬಡಿಯಲು ಆ ಪ್ಲಾಟಿನಲ್ಲಿದ್ದದ್ದು ಒಂದೇ ಜಾಗ: ನಾನು ಕೆತ್ತಿಸಿದ ಅರ್ಧ ಪಟ್ಟಿ. ಅಲ್ಲಿಯೇ ನಿಂತು ಬಡಿದರು. ನನ್ನ ಮುಖ ನೋಡಲಿಲ್ಲ.

ಹೆಂಡತಿ ಉಳಿದಳು. ಆ ಕೋಣೆಯಲ್ಲಿ ಮತ್ತೆ ಮಲಗಲಿಲ್ಲ.

ಮುಂದಿನ ಸಭೆಯಲ್ಲಿ ಸಮಿತಿಯವರು ಬೆಂಕಿ ಆರಿಸಿದ ಕಾಲೊನಿಯ ಒಗ್ಗಟ್ಟನ್ನು ಹೊಗಳಿದರು. ಪ್ಲಾಟಿನ ಸುತ್ತ ಮುಳ್ಳುತಂತಿ ಬಂತು; ಅತಿಕ್ರಮಿಸಿದರೆ ಕ್ರಮ ಜರುಗಿಸಲಾಗುವುದೆಂಬ ಫಲಕವೂ ಬಂತು. ಮಳೆ ಬಿದ್ದೊಡನೆ ತಂತಿಯೊಳಗೆ ಹುಲ್ಲು ಮತ್ತೆ ಚಿಗುರಿತು.

ಸಮಿತಿಯ ಮಹನೀಯರೇ, ಆ ಮಧ್ಯಾಹ್ನ ನಾನು ಮನೆಯಲ್ಲಿ ಇಲ್ಲದಿದ್ದರೆ, ನಿಮ್ಮಲ್ಲಿ ಯಾರು ಆಕೆಯನ್ನು ಎತ್ತಿ ಹೊರಗೆ ತರುತ್ತಿದ್ದರು?